ಕೊನೆಗೆ ಹೊರಟವರು

ಸೇತುವೆಗೆ ಬೋಲ್ಟು ಮೂವತ್ತೆರಡು.
ಮೂವತ್ತೊಂದನ್ನು ಬಡಿದು ನೋಡಿದೆ, ಕಿವಿಗೊಟ್ಟು.
ಗಟ್ಟಿಯಿದ್ದರೆ ಸುತ್ತಿಗೆಗೆ ಟಣ್ ಎನ್ನುತ್ತದೆ,
ಸಡಿಲಿದ್ದರೆ ಗೊಣಗುತ್ತದೆ, ನಮ್ಮಂತೆಯೇ.
ಮೂವತ್ತೆರಡನೆಯದು ಆಚೆ ದಡದ ಅಡಿಯಲ್ಲಿ
ಮಂಜುಗಡ್ಡೆ ಹೊದ್ದು ಕೂತಿತ್ತು.
ಕೆಳಗೆ ನಾರಿನ್ ನದಿ, ಮೇಲೆ ಜೀಪಿನ ಹಾರ್ನು.
'ಬರೆದುಬಿಡು ತೆಮಿರ್‌ಕುಲ್, ಎಲ್ಲ ಒಂದೇ ಕಾರ್ಖಾನೆಯ ಮಾಲು'
ಅಂದ ನಮ್ಮ ಮುಖ್ಯಸ್ಥ ಜುಮಗಾಜಿ.
ಕೆಟ್ಟವನಲ್ಲ. ಮಗಳ ಮದುವೆಗೆ ಎರಡು ಕುರಿ ಕಳಿಸಿದವನು.
ಬರೆದೆ. ಸಹಿಗೆ ಎಷ್ಟು ಶಾಯಿ ಬೇಕು?
ನೊಣದ ಕಾಲಿಗೆ ಮೆತ್ತುವಷ್ಟೂ ಬೇಡ.

ರಾತ್ರಿ ಹಾಸಿಗೆಯಲ್ಲಿ
ಮಗ್ಗುಲು ಬದಲಿಸಿದಾಗೆಲ್ಲ ಟಣ್.
ಹಾಲಿನ ಲಾರಿ ದಾಟಿತು, ಟಣ್.
ಶಾಲೆಯ ಬಸ್ಸು ದಾಟಿತು, ಬೆಟ್ಟಕ್ಕೆ ಹೊರಟ ಮಂದೆ ದಾಟಿತು.
ಮೂವತ್ತೊಂದಾದ ಮೇಲೆ
ಸದ್ದಿಲ್ಲದ ಒಂದು ಜಾಗ.

ಆ ಜಾಗಕ್ಕೆ ಬಂದು ನಿಂತವಳು ಬುರ್ಮಕಾನ್ ಎಜೆ.
ಎಜೆ ಅಂದರೆ ಅಕ್ಕ.
ನಮ್ಮಲ್ಲಿ ಟೀಚರನ್ನೂ ಹಾಗೇ ಕರೆಯುವುದು.

ಮೂರನೇ ತರಗತಿ. ಜನವರಿ.
ಹಿಂದಿನ ಸಂಜೆ ಯಾರೋ ಚಿಲಕ ತೆಗೆದು
ಒಳಗೆ ಸಿಕ್ಕಿಕೊಂಡ ಗುಬ್ಬಿಯನ್ನು ಹೊರಗೆ ಬಿಟ್ಟಿದ್ದರು,
ಚಿಲಕ ಮರೆತಿದ್ದರು.
ರಾತ್ರಿಯಿಡೀ ಗಾಳಿ ಬೆಂಚಿನಿಂದ ಬೆಂಚಿಗೆ ಜಿಗಿದಿತ್ತು.
ಇಪ್ಪತ್ತು ಶಾಯಿ ಕುಡಿಕೆ ಹೆಪ್ಪುಗಟ್ಟಿ ಸೀಳಿದ್ದವು,
ಭೂಪಟದಲ್ಲಿ ಆಫ್ರಿಕಾದ ಮೇಲೂ ಹಿಮ.
'ಕೊನೆಗೆ ಹೊರಟವರು ಯಾರು?'
ಇಪ್ಪತ್ತು ಜೊತೆ ಕಣ್ಣು ಬೂಟುಗಳನ್ನು ಎಣಿಸಿದವು.
ಬೆತ್ತ ಮೂಲೆಯಲ್ಲೇ ಇತ್ತು. ಅವಳ ಕೈ ಅತ್ತ ಹೋಯಿತು,
ಬೆತ್ತದ ಪಕ್ಕದ ಪೊರಕೆಯನ್ನು ಎತ್ತಿಕೊಂಡಿತು.
'ನಾನೇ. ಬೀಗ ಹಾಕಿದ ಕೈ ಇದು.
ಕಿಟಕಿ ನೋಡಲಿಲ್ಲ.'
ಅಷ್ಟೇ. ಮೊಣಕಾಲೂರಿ ನೀಲಿ ಗಾಜು ಗುಡಿಸಿದಳು.
ನೀತಿ ಅಂತ ಏನೂ ಹೇಳಲಿಲ್ಲ.
ಕೈಗವಸಿನೊಳಗೆ ಬೆರಳು ಮಡಚಿಕೊಂಡು
ಅವಳ ಬೆರಳಿನ ರಕ್ತ ನೋಡುತ್ತ ಕೂತೆ ನಾನು.
ಗುಬ್ಬಿ ಎಷ್ಟು ಬೆಚ್ಚಗಿತ್ತು, ಇದೇ ಅಂಗೈಯಲ್ಲಿ.

ಮರುದಿನದಿಂದ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ
ಕೊನೆಗೆ ಹೊರಟವರ ಹೆಸರು.
ಎಷ್ಟೋ ದಿನ ಅವಳದೊಂದೇ.
ಒಂದು ಸಂಜೆ ನನ್ನದೂ, ಸೊಟ್ಟಗೆ, ಚಿಲಕ ಮೂರು ಸಲ ಎಳೆದು ನೋಡಿ.

ರಾತ್ರಿ ಎರಡಕ್ಕೆ ಎದ್ದು ಹೋದೆ.
ಹಗ್ಗ ಸೊಂಟಕ್ಕೆ, ಟಾರ್ಚು ಹಲ್ಲಿಗೆ.
ಮಂಜು ಒಡೆದು ಬಡಿದೆ.
ಟಣ್.
ಗಟ್ಟಿಯಿತ್ತು. ಮೊದಲಿಂದಲೂ ಗಟ್ಟಿಯೇ.
ಜುಮಗಾಜಿ ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು,
ಎರಡೂ ಒಂದೇ ಬೋಲ್ಟಿನ ಮೇಲೆ ಹೇಗೆ ಕೂತಿದ್ದವೋ!
ನನ್ನ ಹೆಸರಿನಲ್ಲೇ ಕಬ್ಬಿಣವಿದೆ, ತೆಮಿರ್.
ಬಡಿದವರಿಗೆ ಯಾವ ಸದ್ದು ಕೇಳುತ್ತಿತ್ತೋ.
ನಗು ಬಂತು. ಟಾರ್ಚು ಹಲ್ಲಿನಿಂದ ಜಾರಿ ಬಿತ್ತು,
ನೀರೊಳಗೆ ಸ್ವಲ್ಪ ದೂರ ಉರಿಯುತ್ತಲೇ ಹೋಯಿತು.

ಹಿಮ ಕರಗಿದ ಮೇಲೆ ಅವಳ ಮನೆಗೆ ಹೋದೆ.
ಎಂಬತ್ತು ದಾಟಿದೆ. ನನ್ನನ್ನು ಯಾರೋ ಅಸಾನಾಲಿ ಅಂದುಕೊಂಡಳು.
'ಎಜೆ, ಆ ಚಿಲಕ ತೆಗೆದವನು ನಾನು.'
ನಲವತ್ತು ವರ್ಷ ಹೊತ್ತದ್ದನ್ನು ಇಳಿಸಿಟ್ಟೆ
ಮೇಜಿನ ಮೇಲೆ, ಜಾಮಿನ ಬಟ್ಟಲ ಪಕ್ಕ.
'ಯಾವ ಚಿಲಕ?' ಅಂದಳು. ಯೋಚಿಸಿದಳು.
'ಅದಾ, ಅದು ಯಾವತ್ತೂ ಸಡಿಲ. ರೊಟ್ಟಿ ತಗೋ.'
ಪೊರಕೆ, ಗಾಜು, ಸೀಮೆಸುಣ್ಣ,
ಒಂದೂ ಅವಳ ಬಳಿ ಇರಲಿಲ್ಲ.
ಕೊಟ್ಟವಳಿಗೆ ಲೆಕ್ಕವಿಲ್ಲ,
ರಸೀದಿ ಪಡೆದವನೇ ಬರೆದುಕೊಳ್ಳಬೇಕು.

ಟೀ ಬಗ್ಗಿಸುತ್ತ ಕೇಳಿದಳು:
'ಬರುವಾಗ ಗೇಟು ಹಾಕಿದೆಯಾ ಅಸಾನಾಲಿ? ಆಡು ನುಗ್ಗುತ್ತವೆ.'
ಹಾಕಿದ್ದೆ. ಚೆನ್ನಾಗಿ ನೆನಪಿತ್ತು.
ಎದ್ದು ಹೋಗಿ ನೋಡಿ ಬಂದೆ.